ಹಗಲುಮನೆಯ ಸೇರು

ಅಭಿರಾಮ್ ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಈ ಕತೆಯಲ್ಲಿ ಕೆಟ್ಟ ಸುದ್ದಿ ಬರುವುದೆಲ್ಲ ಅವನ ಬಾಯಿಂದಲೇ. ಹೆಬ್ಬಾಳದ ಕಡೆಯ ಒಂದು ದೊಡ್ಡ ಕಂಪನಿಯಲ್ಲಿ, ಸಮಾಜಸೇವೆಗೆಂದು ತೆಗೆದಿಟ್ಟ ಹಣವನ್ನು ಹಂಚುವ ಕೆಲಸ ಅವನದು. ಫೆಬ್ರವರಿಯ ಒಂದು ಬೆಳಿಗ್ಗೆ ಯಲಹಂಕದ ಹತ್ತಿರದ ಕೋಗಿಲಿನ ಹಗಲುಮನೆಗೆ ಬಂದವನು, ಅದನ್ನು ನೋಡಿಕೊಳ್ಳುವ ಶಾಂತಲಾ ಕೊಟ್ಟ ಕಾಫಿಯನ್ನು ಮುಟ್ಟದೆ, ಲ್ಯಾಪ್‌ಟಾಪ್ ತೆರೆದು ಮತ್ತೆ ಮುಚ್ಚಿ, ಕಿಟಕಿಯಾಚೆ ನೋಡುತ್ತ ಕೂತ. ಕಾಫಿ ಅಂದರೆ ಪ್ರಾಣ ಬಿಡುವ ಹುಡುಗ ಹೀಗೆ ಕೂತಿದ್ದು ನೋಡಿಯೇ ಶಾಂತಲಾಗೆ ಅನುಮಾನ ಬಂತು.

“ದುಡ್ಡು ನಿಲ್ಸಿದ್ರಾ?” ಎಂದು ಕೇಳಿದಳು.

“ಇಲ್ಲ ಮೇಡಂ. ಇನ್ನೂ ಮೂರು ವರ್ಷ ಕೊಡ್ತಾರೆ. ಜಾಸ್ತಿನೇ ಕೊಡ್ತಾರೆ. ಆದ್ರೆ ಮುಂಬೈ ಆಫೀಸಿಂದ ಹೊಸ ಪಾಲಿಸಿ ಬಂದಿದೆ. ಟ್ರೇನಿಂಗ್ ಕೊಟ್ಟು ಕೆಲಸಕ್ಕೆ ಸೇರಿಸೋಕೆ ಆಗೋರು ಮಾತ್ರ ಇರ್ಬೇಕಂತೆ. ಹದಿನೆಂಟರಿಂದ ಮೂವತ್ತು.”

“ಮೂವತ್ತು ದಾಟಿದೋರು?”

“ಅವರನ್ನ ಬೇರೆ ದುಡ್ಡಲ್ಲಿ ಇಲ್ಲೇ ಇಟ್ಕೋಬಹುದಾ ಅಂತ ನಾನೂ ಕೇಳ್ದೆ ಮೇಡಂ. ಒಂದೇ ಜಾಗದಲ್ಲಿ ಎರಡು ಕೆಲಸ ಬೆರೆಸೋ ಹಾಗಿಲ್ಲ ಅಂದ್ರು.” ಅವನು ತಲೆ ತಗ್ಗಿಸಿದ. “ಇದು ನನ್ನ ಕೈಲಿಲ್ಲ.”

ಹಗಲುಮನೆಗೆ ದಿನಾ ಇಪ್ಪತ್ತಾರು ಜನ ಬರುತ್ತಾರೆ. ವಯಸ್ಸು ಬಲಿತರೂ ಬುದ್ಧಿ ತನ್ನದೇ ನಿಧಾನದಲ್ಲಿ ನಡೆಯುವವರು. ಬೆಳಿಗ್ಗೆ ಒಂಬತ್ತೂವರೆಗೆ ವ್ಯಾನ್ ಇಳಿದು ಹೂ ಕಟ್ಟುತ್ತಾರೆ, ಕಾಗದದ ಕವರು ಅಂಟಿಸುತ್ತಾರೆ, ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಒಬ್ಬರ ಮೇಲೊಬ್ಬರು ನೀರು ಎರಚಿಕೊಳ್ಳುತ್ತಾರೆ, ಉಂಡು, ಹಾಡಿ, ನಾಲ್ಕಕ್ಕೆ ಮನೆಗೆ ಹೋಗುತ್ತಾರೆ. ಇದರಿಂದ ಲೋಕ ಉದ್ಧಾರವಾಯಿತೆಂದು ಯಾರೂ ಹೇಳಲಾರರು. ಆದರೆ ಆ ಆರೂವರೆ ಗಂಟೆಯಲ್ಲಿ ಅವರ ತಾಯಂದಿರು ದುಡಿದು ಬರುತ್ತಾರೆ, ಇಲ್ಲವೇ ಸುಮ್ಮನೆ ಒಂದಿಷ್ಟು ಉಸಿರು ಬಿಡುತ್ತಾರೆ. ಇಪ್ಪತ್ತಾರರಲ್ಲಿ ಹನ್ನೊಂದು ಜನ ಮೂವತ್ತು ದಾಟಿದವರು. ಎಲ್ಲರಿಗಿಂತ ಹಿರಿಯ ಬಾಲರಾಜು, ನಲವತ್ನಾಲ್ಕು ವರ್ಷ. ಈ ಮನೆ ಹುಟ್ಟಿದ್ದೇ ಅವನಿಗಾಗಿ.

ಆ ಕತೆ ಊರಿಗೆಲ್ಲ ಗೊತ್ತು. ಬಾಲರಾಜುಗೆ ಹದಿನೆಂಟು ತುಂಬಿದ ವರ್ಷ, ಅವನು ಹೋಗುತ್ತಿದ್ದ ಶಾಲೆಯವರು ವಯಸ್ಸಾಯಿತೆಂದು ಮನೆಗೆ ಕಳಿಸಿದರು. ನಾಲ್ಕು ವರ್ಷ ಅವನು ಜಗಲಿಯ ಮೇಲೆ ಕೂತು ರಸ್ತೆ ನೋಡಿದ. ಹೋಗಿಬರುವ ಬಸ್ಸಿಗೆಲ್ಲ ಕೈ ಬೀಸುತ್ತಿದ್ದವನು ಕಡೆಕಡೆಗೆ ಅದನ್ನೂ ಬಿಟ್ಟ. ಅವನ ಅಪ್ಪ ಮುನಿಶಾಮಪ್ಪ ರಾಗಿ ಬೆಳೆಯುವ ಮನುಷ್ಯ, ಓದು ಅಷ್ಟಕ್ಕಷ್ಟೆ. ಒಂದು ದಿನ ದನದ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಊರಲ್ಲಿ ಇಂಥ ಮಕ್ಕಳಿರುವ ಮನೆಗಳಿಗೆಲ್ಲ ಹೇಳಿ ಕಳಿಸಿದರು. ಸಂಘ ರಿಜಿಸ್ಟರ್ ಆಯಿತು. ನಿಯಮಗಳನ್ನು ಕೃಷ್ಣಯ್ಯ ಮೇಷ್ಟ್ರು ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಟ್ಟರು.

ಮಧ್ಯಾಹ್ನದ ಊಟಕ್ಕೆ ಮುನಿಶಾಮಪ್ಪ ಮಾಡಿದ ಏರ್ಪಾಟು ಸರಳ. ತಿಂಗಳ ಮೊದಲ ಶನಿವಾರ ಊರಿನವರು ಮನೆಗೊಂದು ಸೇರು ರಾಗಿ ತಂದು ಕೊಡಬೇಕು. ಗೇಟಿನ ಹತ್ತಿರ ಒಂದು ಡ್ರಮ್ಮು, ಡ್ರಮ್ಮಿನ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಹಿತ್ತಾಳೆಯ ಸೇರು ಹಿಡಿದ ಬಾಲರಾಜು. ತಂದವರು ಅವನ ಸೇರಿಗೆ ಸುರಿಯಬೇಕು, ಅವನು ಅಂಗೈಯಿಂದ ಸೇರಿನ ತಲೆ ಸವರಿ ಡ್ರಮ್ಮಿಗೆ ಹಾಕಬೇಕು. ಕಣದಲ್ಲಿ ಕಾಳು ಅಳೆಯುವವರು ಮೊದಲನೆಯ ಅಳತೆಯನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎರಡನೆಯದರಿಂದ ಮುಂದಕ್ಕೆ ಎರಡು, ಮೂರು. ಅಪ್ಪ ಕಲಿಸಿದ್ದರಲ್ಲಿ ಬಾಲರಾಜುಗೆ ‘ಲಾಭ’ ಮಾತ್ರ ನಾಲಿಗೆಗೆ ಹತ್ತಿತು. ಹತ್ತು ಜನ ಬರಲಿ, ನೂರು ಜನ ಬರಲಿ, ಪ್ರತಿಯೊಬ್ಬರ ಸೇರಿಗೂ ಅವನು ಗಟ್ಟಿಯಾಗಿ “ಲಾಭ!” ಎನ್ನುತ್ತಿದ್ದ. ಹೆಂಗಸರು ನಗುತ್ತ ಹೋಗುತ್ತಿದ್ದರು. ರಾಗಿ ಕೊಟ್ಟವರು ವರ್ಷದ ಸಭೆಗೂ ಬರುತ್ತಿದ್ದರು, ಬಂದು ಬಾಯಿಗೆ ಬಂದದ್ದು ಕೇಳುತ್ತಿದ್ದರು. ಸಾರು ಯಾಕೆ ನೀರು? ಆಯಾ ಯಾಕೆ ಗದರುತ್ತಾಳೆ? ವ್ಯಾನು ಯಾಕೆ ನಮ್ಮ ಬೀದಿಗೆ ಬರಲ್ಲ? ಆ ಸಭೆಗಳಲ್ಲಿ ಶಾಂತಲಾಗೆ ತಲೆನೋವು ಬರುತ್ತಿತ್ತು.

ಅವಳು ಇಲ್ಲಿಗೆ ಬಂದು ಹದಿಮೂರು ವರ್ಷ. ಟೀಚರಾಗಿ ಸೇರಿದವಳು ಈಗ ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ರಾಗಿಯಿಂದ ಹೊಟ್ಟೆ ತುಂಬುತ್ತಿತ್ತು ನಿಜ, ಟೀಚರುಗಳ ಸಂಬಳ ಹುಟ್ಟುತ್ತಿರಲಿಲ್ಲ. ಮುನಿಶಾಮಪ್ಪ ತೀರಿಕೊಂಡ ಮೇಲೆ ಅವರ ದೊಡ್ಡ ಮಗ ಅನಂತರಾಜು ಅಧ್ಯಕ್ಷರಾಗಿ, ಕೊರತೆ ಬಿದ್ದದ್ದನ್ನೆಲ್ಲ ತಮ್ಮ ಜೇಬಿಂದ ತುಂಬಿದರು. ಜಮೀನು ಲೇಔಟಾಗಿ, ಲೇಔಟು ಅಪಾರ್ಟ್‌ಮೆಂಟಾಗಿ, ಆಗ ಅವರ ಜೇಬು ದೊಡ್ಡದಿತ್ತು. ಜೇಬು ಅವರದಾದ ಮೇಲೆ ಮಾತೂ ಅವರದೇ ಆಯಿತು. ಒಂದು ಬೆಳಿಗ್ಗೆ ಎಲ್ಲರಿಗೂ ನೀಲಿ ಸಮವಸ್ತ್ರ ಎಂದರು, ಬಂತು. ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅಡುಗೆಯವಳನ್ನು ಬಿಡಿಸಿದರು, ನಾಲ್ಕು ದಿನ ಕಳೆದು ತಾವೇ ಹೋಗಿ ಕರೆತಂದರು. ಮನಸ್ಸು ಒಳ್ಳೆಯದು, ಸ್ವಲ್ಪ ಮುಂಗೋಪ. ಆದರೆ ಫ್ಲಾಟು ಮಾರಾಟವಾಗದ ವರ್ಷ ಟೀಚರುಗಳ ಸಂಬಳ ಮೂರು ತಿಂಗಳು ನಿಂತುಹೋಯಿತು. ಶಾಂತಲಾ ಮನೆಯ ಮಾಲೀಕರಿಗೆ ಬಾಡಿಗೆಗೆ ನೆಪ ಹೇಳಿ ಹೇಳಿ ನೆಪಗಳೇ ಮುಗಿದುಹೋದವು.

ಆಗಲೇ ಅವಳು ಪಟ್ಟು ಹಿಡಿದು ಇಂಗ್ಲಿಷಿನಲ್ಲಿ ಅರವತ್ತು ಪುಟದ ಅರ್ಜಿ ಬರೆದು ಕಂಪನಿಯ ಹಣ ತಂದದ್ದು. ಅವತ್ತಿನಿಂದ ತಿಂಗಳ ಒಂದನೇ ತಾರೀಖು ಸಂಬಳ. ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿದಾಗಲೂ ಒಂದನೇ ತಾರೀಖೇ ಸಂಬಳ. ಆ ದುಡ್ಡನ್ನು ಹೀಗಳೆಯುವವರು ಸುಖವಾಗಿ ಉಂಡು ಕೂತವರು. ಶಾಂತಲಾ ಎಂದೂ ಹೀಗಳೆದವಳಲ್ಲ.

ತಪ್ಪು ನಡೆದದ್ದು ಬೇರೆ ಕಡೆ. ಮೊದಲ ವರ್ಷ ಕಂಪನಿಯ ಆಡಿಟರ್ ಬಂದು, ಊಟದ ರಾಗಿ ಎಲ್ಲಿಂದ ಬರುತ್ತದೆ, ವರ್ಷಕ್ಕೆ ಎಷ್ಟು ಎಂದು ಕೇಳಿದರು. ಶಾಂತಲಾ ರಾಗಿಯ ಪುಸ್ತಕ ತೆಗೆದು ಕೊಟ್ಟಳು. ಅದರಲ್ಲಿ ಕೊಟ್ಟವರ ಹೆಸರು, ಹೆಸರಿನ ಮುಂದೆ ಬಾಲರಾಜು ಹೇಳಿದ್ದು: ದ್ರೌಪದಮ್ಮ, ಲಾಭ. ಪಂಚಪ್ಪ, ಲಾಭ. ಪುಟದಿಂದ ಪುಟಕ್ಕೆ ಲಾಭ, ಲಾಭ, ಲಾಭ. ಒಟ್ಟು ಎಷ್ಟೆಂದು ಎಲ್ಲೂ ಇಲ್ಲ. ಆಡಿಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅವಳಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೆಯ ವಾರ ಗೇಟಿಗೆ ನೋಟೀಸು ಅಂಟಿಸಿದಳು: ‘ಇನ್ನು ಮುಂದೆ ರಾಗಿ ಸ್ವೀಕರಿಸಲಾಗುವುದಿಲ್ಲ.’ ಕೆಳಗೆ ತನ್ನದೇ ಸಹಿ. ಊಟ ಯಲಹಂಕದ ಕೇಟರಿಂಗಿನಿಂದ ಡಬ್ಬಿಯಲ್ಲಿ ಬರತೊಡಗಿತು, ಬಿಲ್ಲಿನ ಸಮೇತ.

ಯಾರೂ ಜಗಳವಾಡಲಿಲ್ಲ. ಹೆಂಗಸರು ನೋಟೀಸು ಓದಿಸಿಕೊಂಡು, ತಂದ ರಾಗಿಯನ್ನು ಹಾಗೇ ವಾಪಸು ತೆಗೆದುಕೊಂಡು ಹೋದರು. ಸಭೆಗೆ ಬರುವುದನ್ನೂ ಬಿಟ್ಟರು. ಒಬ್ಬ ಬಾಲರಾಜು ಮಾತ್ರ ಏಳು ತಿಂಗಳು, ಪ್ರತಿ ಮೊದಲ ಶನಿವಾರ, ಸ್ಟೂಲು ಎಳೆದುಕೊಂಡು ಸೇರು ಹಿಡಿದು ಗೇಟಿನಲ್ಲಿ ಕೂತ. ಕಡೆಗೆ ನೋಡಲಾರದೆ ಶಾಂತಲಾ ಸೇರನ್ನು ತೆಗೆದು ಬೀರುವಿನಲ್ಲಿ, ಹಳೇ ಫೈಲುಗಳ ಹಿಂದೆ ಇಟ್ಟಳು.

ಅಭಿರಾಮ್ ಹೋದ ಮೇಲೆ ಅವಳು ಅನಂತರಾಜುವನ್ನು ಹುಡುಕಿಕೊಂಡು ಹುಣಸಮಾರನಹಳ್ಳಿಯ ಸೈಟಿಗೆ ಹೋದಳು. ಅವರು ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟು ಮೂರನೇ ಮಹಡಿಗೆ ಬಂದು ನಿಂತಿತ್ತು. ಏರ್‌ಪೋರ್ಟ್ ರಸ್ತೆಯ ಗದ್ದಲದ ನಡುವೆ ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಒಪ್ಕೊಳ್ಳಿ ಮೇಡಂ,” ಎಂದರು ಕೊನೆಗೆ. “ಬಾಲುಗೆ ಮನೇಲೇ ಒಬ್ರನ್ನ ಇಡ್ತೀನಿ. ಟಿವಿ ಇದೆ, ಅಮ್ಮ ಇದ್ದಾರೆ.”

“ಇನ್ನು ಹತ್ತು ಜನ ಸಾರ್?”

“ನೋಡೋಣ ಏನಾದ್ರೂ.” ಅವರ ದನಿ ಏರಿತು, ಕೂಡಲೇ ಇಳಿಯಿತು. “ಏಳು ವರ್ಷ ನಾನೇ ತುಂಬಿಸ್ದೆ ಮೇಡಂ. ಆಗ ಕೈಲಾಗ್ತಿತ್ತು. ಈಗ ನನ್ನ ಪರಿಸ್ಥಿತಿನೇ ನೋಡ್ತಿದೀರಲ್ಲ, ನಾಲ್ಕನೇ ಮಹಡಿಗೆ ದುಡ್ಡಿಲ್ಲ. ಹದಿನೈದು ಜನಕ್ಕಾದ್ರೂ ಹಗಲುಮನೆ ಉಳೀಲಿ. ಇಪ್ಪತ್ತಾರು ಜನಕ್ಕೂ ಬಾಗಿಲು ಮುಚ್ಚೋದಕ್ಕಿಂತ ಇದು ವಾಸಿ ಅಲ್ವಾ?”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾಪಸು ಬರುವಾಗ ಶಾಂತಲಾ ಬಸ್ಸಿನಲ್ಲಿ ಕೂತು, ಹನ್ನೊಂದು ಜನರ ತಾಯಂದಿರಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಒಂದೊಂದೇ ವಾಕ್ಯ ಜೋಡಿಸತೊಡಗಿದಳು. ಒಂದೂ ಕೂಡಿಬರಲಿಲ್ಲ.

ಅಭಿರಾಮ್ ಕೊಟ್ಟುಹೋಗಿದ್ದ ಕಂಪನಿಯ ಪತ್ರದಲ್ಲಿ ಇನ್ನೊಂದು ಬೇಡಿಕೆಯಿತ್ತು. ಹೊಸ ಒಪ್ಪಂದಕ್ಕೆ ಸಂಘದ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು, ಜೊತೆಗೆ ನಿಯಮಾವಳಿಯ ಪ್ರತಿ ಲಗತ್ತಿಸಬೇಕು. ಸರ್ವಸದಸ್ಯರೆಂದರೆ ಈಗ ಒಂಬತ್ತೇ ಜನ. ಎಲ್ಲರೂ ಸಾವಿರ ರೂಪಾಯಿ ಕಟ್ಟಿ ಸದಸ್ಯರಾದವರು. ಮೂವರು ಕಂಪನಿಯ ಕಡೆಯವರು, ಅನಂತರಾಜು ಮತ್ತು ಅವರ ಪಾಲುದಾರರು ಸೇರಿ ನಾಲ್ವರು, ಅವರ ತಾಯಿ ಸುಬ್ಬಮ್ಮ, ಮತ್ತೆ ತುಮಕೂರಿಗೆ ಮನೆ ಬದಲಿಸಿದ ಒಬ್ಬ ಡಾಕ್ಟರು. ಪ್ರತಿ ವರ್ಷ ಶಾಂತಲಾ ಹಾಳೆ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರೆ ಸಭೆ ಮುಗಿಯಿತು. ತಲೆನೋವೇ ಇಲ್ಲ.

ನಿಯಮಾವಳಿಯ ಪ್ರತಿಗಾಗಿ ಅವಳು ಬೀರು ತೆಗೆದಳು. ಕೃಷ್ಣಯ್ಯ ಮೇಷ್ಟ್ರ ದುಂಡು ಅಕ್ಷರದ ಹಾಳೆಗಳು ಸಿಕ್ಕವು. ಜೆರಾಕ್ಸಿಗೆ ಕೊಡುವ ಮೊದಲು ಸುಮ್ಮನೆ ಕಣ್ಣಾಡಿಸುತ್ತಿದ್ದವಳು ನಾಲ್ಕನೇ ನಿಯಮಕ್ಕೆ ಬಂದು ನಿಂತಳು. ‘ಸಾವಿರ ರೂಪಾಯಿ ಕೊಟ್ಟವರು ಸದಸ್ಯರು. ಹಾಗೆಯೇ, ವರ್ಷದಲ್ಲಿ ಒಂದು ಸಲವಾದರೂ, ತೀರ್ಮಾನಕ್ಕೆ ಕೈ ಎತ್ತುವ ಮೊದಲು, ಒಂದು ಸೇರು ರಾಗಿಯನ್ನು ತಮ್ಮ ಕೈಯಾರೆ ಅಳೆದು ಕೊಟ್ಟವರು ಯಾರೇ ಆಗಲಿ, ಆ ವರ್ಷದ ಸದಸ್ಯರು. ಸಭೆಯಲ್ಲಿ ಎಲ್ಲರ ಕೈಗೂ ಒಂದೇ ಬೆಲೆ.’ ಕೆಳಗೆ ಮುನಿಶಾಮಪ್ಪನವರ ಸಹಿ, ಕಷ್ಟಪಟ್ಟು ಬರೆದದ್ದು.

ಈ ನಿಯಮವನ್ನು ಯಾರೂ ತೆಗೆದಿರಲಿಲ್ಲ. ರಾಗಿ ಬೇಡ ಎಂದು ತೀರ್ಮಾನಿಸಿದ ಸಭೆಯೂ ಇರಲಿಲ್ಲ. ಇದ್ದದ್ದು ಅವಳ ನೋಟೀಸು ಒಂದೇ. ಊಟ ಎಲ್ಲಿಂದ ಬರಬೇಕು ಎನ್ನುವುದನ್ನಷ್ಟೇ ಬದಲಿಸುತ್ತಿದ್ದೇನೆ ಎಂದು ಅವತ್ತು ತಿಳಿದಿದ್ದಳು. ಅದರ ಜೊತೆಗೇ ನೂರಾ ನಲವತ್ತು ಮನೆಯವರನ್ನು ಗೇಟಿನಾಚೆ ನಿಲ್ಲಿಸಿದ್ದೇನೆಂದು ಆರು ವರ್ಷದ ಮೇಲೆ, ಬೀರುವಿನ ಮುಂದೆ ನಿಂತು ಅವಳಿಗೆ ಗೊತ್ತಾಯಿತು. ಫೈಲುಗಳ ಹಿಂದೆ ಸೇರು ಇನ್ನೂ ಇತ್ತು, ಹಸಿರುಗಟ್ಟಿತ್ತು.

ಅವರನ್ನೆಲ್ಲ ಮತ್ತೆ ಸದಸ್ಯರಾಗಿ ಕರೆಯಲು ಅವಳು ಮೊದಲು ಹೋಗಿದ್ದು ದ್ರೌಪದಮ್ಮನ ಮನೆಗೆ. ಹಳೇ ಊರಿನ ಹೆಂಗಸರು ಆಕೆಯ ಮಾತು ದಾಟುವುದಿಲ್ಲ. ಹೊಲವಿದ್ದ ಕಡೆ ಈಗ ಆರು ಬಾಡಿಗೆ ಮನೆ ಕಟ್ಟಿಸಿಕೊಂಡು, ಕೆಳಗಿನ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

“ಬಾಮ್ಮ, ಕುಂತ್ಕೋ,” ಎಂದರು. ಪೂರ್ತಿ ಕೇಳಿದ ಮೇಲೆ ಕೈ ನಿಲ್ಲಿಸಿದರು. “ನೀನೇ ಅಲ್ವಾ ಬೋರ್ಡ್ ಆಕಿದ್ದು? ರಾಗಿ ಬ್ಯಾಡ ಅಂತ?”

“ಹೌದಮ್ಮ.”

“ಅದಿನಾರು ವರ್ಸ ನಮ್ ರಾಗಿ ಮುದ್ದೆ ಉಂಡವೆ ಆ ಮಕ್ಳು. ಒಂದಿನ ಒಟ್ಟೆ ನೋವು ಅಂದಿದ್ವಾ?”

“ಇಲ್ಲ. ತಪ್ಪಾಯ್ತಮ್ಮ.”

ಆಡಿಟರು, ಬಿಲ್ಲು, ಒಂದನೇ ತಾರೀಖಿನ ಸಂಬಳ, ಹೇಳುವುದಕ್ಕೆ ಬೇಕಾದಷ್ಟಿತ್ತು. ಶಾಂತಲಾ ಯಾವುದನ್ನೂ ಹೇಳಲಿಲ್ಲ. ದ್ರೌಪದಮ್ಮ ಅವಳ ಮುಖವನ್ನೇ ನೋಡಿದರು.

“ಈವಾಗ ಬಂದಿರೋದು ರಾಗಿಗೋ, ಇಲ್ಲ ಸಭೇಲಿ ಕೈ ಎತ್ತೋದಕ್ಕೋ? ದಿಟ ಏಳು.”

“ಕೈ ಎತ್ತೋದಕ್ಕೇ ಬಂದೆ.” ಮತ್ತೆ ಹೇಳಿದಳು, “ಕಂಪನಿ ದುಡ್ಡು ಹೋದ್ರೆ ಮಧ್ಯಾಹ್ನ ಊಟಕ್ಕೂ ಗತಿ ಇರಲ್ಲ. ಆಮೇಲೆ ರಾಗಿಗೂ ಬರ್ತೀನಿ.”

“ಊಂ,” ಎಂದು ದ್ರೌಪದಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು. “ಈಗ ನಾವ್ಯಾರಮ್ಮ ರಾಗಿ ಬೆಳಿತೀವಿ? ಅಂಗಡೀಲಿ ಪಾಕೀಟು ತಂದು ಸುರೀಬೇಕು. ಆದೀತಾ?”

“ಕೈಯಾರೆ ಅಳೀಬೇಕು ಅಂತ ಮಾತ್ರ ಬರ್ದಿದೆ. ಎಲ್ಲಿಂದ ತಂದಿದ್ದು ಅಂತ ಇಲ್ಲ.”

ಆಕೆ ನಕ್ಕುಬಿಟ್ಟರು. ಆದರೂ ಬರುತ್ತೇನೆ ಎನ್ನಲಿಲ್ಲ, ನೋಡುವಾ ಎಂದರು. ಉಳಿದ ಮನೆಗಳಲ್ಲೂ ಅದೇ. ಕೆಲವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಒಬ್ಬಾಕೆ, ದೊಡ್ಡ ಮನುಷ್ಯರ ಸಂಸ್ಥೆ ನಿಮ್ಮದು, ನಮ್ಮ ಒಂದು ಸೇರು ಯಾಕೆ ಬೇಕು ಎಂದು ಚುಚ್ಚಿದಳು. ಶಾಂತಲಾ ಮೂರು ವಾರ ಸಂಜೆ ಹೊತ್ತು ತಿರುಗಿದಳು. ಪ್ರತಿ ಮನೆಯಲ್ಲೂ ತಪ್ಪಾಯ್ತು ಎಂದೇ ಮಾತು ಶುರುಮಾಡಿದಳು. ಹೇಳುತ್ತ ಹೇಳುತ್ತ ಆ ಮಾತು ಹಗುರವಾಗುತ್ತದೆಂದುಕೊಂಡಿದ್ದಳು, ಆಗಲಿಲ್ಲ.

ಇನ್ನೂ ಕಷ್ಟವಾದದ್ದು ಟೀಚರುಗಳಿಗೆ ಹೇಳುವಾಗ. ಒಪ್ಪಂದ ಬೇಡವೆಂದರೆ ಬರುವ ಹಣದಲ್ಲಿ ಮುಕ್ಕಾಲು ಪಾಲು ನಿಂತುಹೋಗುತ್ತದೆ, ಆರು ಜನರಲ್ಲಿ ನಾಲ್ವರನ್ನಷ್ಟೇ ಇಟ್ಟುಕೊಳ್ಳಬಹುದು, ತನ್ನ ಸಂಬಳ ಅರ್ಧ. ಇಷ್ಟನ್ನೂ ಬಿಚ್ಚಿ ಹೇಳಿದಳು. ಎಲ್ಲರಿಗಿಂತ ಚುರುಕಾದ ಮಂಜುಶ್ರೀ, ಮಕ್ಕಳು ‘ಹಾಡಿನ ಮಿಸ್ಸು’ ಎಂದು ಕರೆಯುವವಳು, ಎದ್ದು ನಿಂತಳು.

“ಮೇಡಂ, ನಂಗೆ ಸಂಬಳ ಬೇಕು. ಮನೇಲಿ ಅತ್ತೆಗೆ ಡಯಾಲಿಸಿಸ್ ಇದೆ. ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ.”

“ನಾಚಿಕೆ ಯಾಕಮ್ಮ.”

“ಆರ್.ಟಿ. ನಗರದಲ್ಲಿ ಒಂದು ಸ್ಕೂಲಲ್ಲಿ ಕರೀತಿದಾರೆ. ನೀವು ಈ ದುಡ್ಡು ಬೇಡ ಅಂದ್ರೆ ನಾನು ಹೋಗ್ತೀನಿ. ಬೇಡ ಅನ್ಬೇಡಿ ಅಂತ ನಾನು ಹೇಳಲ್ಲ.” ಅಷ್ಟು ಹೇಳಿ ಅವಳು ಅಳತೊಡಗಿದಳು. ಶಾಂತಲಾಗೂ ತಡೆಯಲಾಗಲಿಲ್ಲ. ಹನ್ನೊಂದು ಜನರನ್ನು ಉಳಿಸಲು ಹೊರಟು ಇವಳನ್ನು ಕಳೆದುಕೊಳ್ಳುತ್ತಿದ್ದೇನಲ್ಲ, ಇದು ಯಾವ ನ್ಯಾಯ ಎಂದು ಅವತ್ತೆಲ್ಲ ತನ್ನನ್ನೇ ಕೇಳಿಕೊಂಡಳು.

ಮಾರ್ಚಿನ ಕೊನೆಯ ಶನಿವಾರ ಸಭೆ. ಹಿಂದಿನ ದಿನವೇ ಶಾಂತಲಾ ಹಳೆಯ ನೋಟೀಸಿನ ಜಾಗದಲ್ಲಿ ‘ರಾಗಿ ಸ್ವೀಕರಿಸಲಾಗುವುದು’ ಎಂದು ಹೊಸದನ್ನು ಅಂಟಿಸಿ, ಅದೇ ಸಹಿ ಹಾಕಿದ್ದಳು. ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಸೇರನ್ನು ಬಾಲರಾಜುವಿನ ಕೈಗೆ ಕೊಟ್ಟಳು. ಇಷ್ಟು ದಿನ ಎಲ್ಲಿತ್ತು ಎಂದು ಅವನು ಕೇಳಲಿಲ್ಲ. ಒಳಗೆ ಇಣುಕಿ ನೋಡಿ, ಅಂಗಿಯ ಚುಂಗಿನಿಂದ ಒರೆಸಿ, ಸ್ಟೂಲು ಎಳೆದುಕೊಂಡು ಹೋಗಿ ಗೇಟಿನಲ್ಲಿ ಕೂತ. ಕೇಳಿದ್ದರೆ ವಾಸಿಯಿತ್ತು ಎಂದು ಶಾಂತಲಾಗೆ ಅನ್ನಿಸಿತು.

ಹತ್ತೂವರೆಯವರೆಗೆ ಯಾರೂ ಬರಲಿಲ್ಲ. ಅನಂತರಾಜು ಬಂದರು, ಅವರ ಪಾಲುದಾರರು ಬಂದರು, ಅಭಿರಾಮ್ ಇನ್ನಿಬ್ಬರು ಸಹೋದ್ಯೋಗಿಗಳ ಜೊತೆ ಬಂದ. ಬಾಲರಾಜು ಸೇರನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದ. ಶಾಂತಲಾ ಕಿಟಕಿಯ ಬಳಿಯಿಂದ ಕದಲಲಿಲ್ಲ.

ಆಮೇಲೆ “ಲಾಭ!” ಎಂಬ ಕೂಗು ಕೇಳಿಸಿತು.

ದ್ರೌಪದಮ್ಮ ಹಲ್ಲಿನಿಂದ ಪ್ಯಾಕೆಟ್ಟು ಹರಿದು ಸೇರಿಗೆ ಸುರಿಯುತ್ತಿದ್ದರು. ಹಿಂದೆ ಸೂಪರ್ ಮಾರ್ಕೆಟ್ಟಿನ ಚೀಲ ಹಿಡಿದ ಸಾಲು. ಕೆಲವರು ತಮ್ಮ ಬಾಡಿಗೆಯವರನ್ನೂ ಹೊರಡಿಸಿಕೊಂಡು ಬಂದಿದ್ದರು. ಸೇರು ಎಂದರೇನೆಂದೇ ಗೊತ್ತಿಲ್ಲದ ಒಬ್ಬ ಒಡಿಶಾದ ಹೆಂಗಸು ಬಾಲರಾಜು ತೋರಿಸಿಕೊಟ್ಟಂತೆ ಸುರಿದಳು. ವ್ಯಾನ್ ಓಡಿಸುವ ನಜೀರ್ ಒಂದು ಸೇರು ಹಾಕಿದ. ಪ್ರತಿಯೊಬ್ಬರಿಗೂ “ಲಾಭ!” ಹಿಂದೆ ಕೊಟ್ಟಿಗೆಯಾಗಿದ್ದ ಹಾಲ್‌ನಲ್ಲಿ ಕುರ್ಚಿ ಸಾಲದೆ ಜನ ಚಾಪೆಯ ಮೇಲೆ ಕೂತರು.

“ಮೇಡಂ,” ಅಭಿರಾಮ್ ಮೆಲ್ಲಗೆ ಹೇಳಿದ, “ಇವತ್ತು ರಾಗಿ ಕೊಟ್ಟು ಇವತ್ತೇ ವೋಟ್ ಹಾಕೋದಾ? ಇದು ಸರಿ ಹೋಗುತ್ತಾ?” ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಶಾಂತಲಾ ನಾಲ್ಕನೇ ನಿಯಮ ಓದಿ, ಹಾಳೆಯನ್ನು ಅಧ್ಯಕ್ಷರ ಮುಂದಿಟ್ಟಳು.

ಅನಂತರಾಜು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅಪ್ಪನ ಸಹಿಯ ಮೇಲೆ ಬೆರಳಿಟ್ಟರು. ಆಮೇಲೆ ಹಾಳೆ ಸರಿಸಿ ದನಿ ಏರಿಸಿದರು.

“ಆಯ್ತು, ಎಲ್ರೂ ಕೈ ಎತ್ತಿ ಬೇಡ ಅಂತೀರಿ. ನಾಳೆ? ಟೀಚರ್‌ಗೆ ಸಂಬಳ ಯಾರು ಕೊಡ್ತಾರೆ? ವ್ಯಾನಿಗೆ ಡೀಸೆಲ್ ಯಾರು ಹಾಕ್ತಾರೆ? ನನ್ನತ್ರ ಬರ್ಬೇಡಿ, ನನ್ನ ಕೈಲಿ ಆಗಲ್ಲ. ಈಗ್ಲೇ ಹೇಳ್ತಿದೀನಿ.”

ಶಾಂತಲಾ ಎದ್ದು ನಿಂತಳು. ಸಬೂಬು ಹೇಳದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಲ್ವರು ಟೀಚರು. ಊಟ ಇಲ್ಲೇ ಬೇಯುತ್ತದೆ. ಮನೆಗೊಂದು ಸೇರು, ಕೈಲಾದವರು ಜೊತೆಗೆ ನೂರು ರೂಪಾಯಿ. ಇಷ್ಟಾದರೆ ಆರು ತಿಂಗಳು ಬಾಗಿಲು ತೆಗೆದಿರುತ್ತದೆ.

“ಆಮೇಲೆ?” ಅನಂತರಾಜು ಕೇಳಿದರು.

“ಆಮೇಲೆ ಗೊತ್ತಿಲ್ಲ ಸಾರ್. ಬೇರೆ ಕಡೆ ಕೇಳ್ತೀನಿ. ಕಂಪನಿಗಳನ್ನೂ ಕೇಳ್ತೀನಿ. ಆದ್ರೆ ಯಾರನ್ನ ಇಟ್ಕೋಬೇಕು, ಯಾರನ್ನ ಕಳಿಸ್ಬೇಕು ಅಂತ ಹೇಳೋ ಅಧಿಕಾರ ಇನ್ಮುಂದೆ ಯಾರೋ ಒಬ್ರ ಕೈಗೇ ಹೋಗೋ ಹಾಗೆ ನಾನು ದುಡ್ಡು ತರಲ್ಲ. ನಿಮಗೂ ಅಷ್ಟೇ, ನನಗೂ ಅಷ್ಟೇ.”

ಚಾಪೆಯ ಮೇಲಿಂದ ಸುಬ್ಬಮ್ಮ ಕೈಯೂರಿ ಎದ್ದರು. ಎಪ್ಪತ್ತೆಂಟರ ಮುದುಕಿ, ಮಗನ ಮುಂದೆ ಜಾಸ್ತಿ ಮಾತಾಡುವವರಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ರಾಗಿಯನ್ನು ಹಿಡಿದು ಬಾಗಿಲ ಬಳಿ ನಿಂತಿದ್ದ ಕಿರಿಯ ಮಗನ ಹತ್ತಿರ ಹೋದರು. ಗಂಟು ಬಿಚ್ಚಿ ಅವನ ಕೈಗೆ ಕೊಟ್ಟರು.

“ಇದು ನಿಂದು ಕಣಪ್ಪಾ. ನೀನೇ ಅಳಿ.”

ಬಾಲರಾಜು ಒಮ್ಮೆ ಎಲ್ಲರನ್ನೂ ನೋಡಿದ. ಹದಿನಾರು ವರ್ಷ ಊರಿನವರ ರಾಗಿ ಅಳೆದವನು ತನ್ನದೆಂದು ಎಂದೂ ಅಳೆದಿರಲಿಲ್ಲ. ಸುರಿದ, ಅಂಗೈಯಿಂದ ತಲೆ ಸವರಿದ, ಡ್ರಮ್ಮು ಅಲ್ಲಿಲ್ಲದ್ದರಿಂದ ತುಂಬಿದ ಸೇರನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. “ಲಾಭ,” ಎಂದ, ಈ ಸಲ ಮೆಲ್ಲಗೆ.

ಅನಂತರಾಜು ಕುರ್ಚಿಯಿಂದ ಎದ್ದರು. “ಬಾಲು,” ಎಂದರು. ಅವರು ತಮ್ಮನನ್ನು ಎಲ್ಲರ ಮುಂದೆ ಹೀಗೆ ಮಾತಾಡಿಸಿದ್ದನ್ನು ಶಾಂತಲಾ ನೋಡಿರಲಿಲ್ಲ. “ಮನೇಲಿ ಟಿವಿ ಇದೆ ಕಣೋ. ನಿನ್ನ ನೋಡ್ಕೊಳ್ಳೋಕೆ ಒಬ್ಬ ಇರ್ತಾನೆ. ಇಲ್ಲಿಗೆ ಯಾಕೋ ಬರ್ತೀಯ?”

ಬಾಲರಾಜು ಯೋಚಿಸಿದ. ಅವನು ಯೋಚಿಸುವಾಗ ಹುಬ್ಬು ಗಂಟಾಗುತ್ತದೆ, ತುಟಿ ಅಲುಗುತ್ತದೆ. ಅವಸರ ಮಾಡಿದರೆ ಮಾತು ಹಿಂದಕ್ಕೆ ಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಅವಸರ ಮಾಡಲಿಲ್ಲ.

“ಅಳೀಬೇಕು ಅಣ್ಣಯ್ಯಾ,” ಎಂದ. “ಎಲ್ರೂ ಬಂದವ್ರೆ.”

ಅನಂತರಾಜು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಭೆಯ ಕ್ರಮದಂತೆ ಕೇಳಿದರು: “ಮೂವತ್ತು ದಾಟಿದೋರನ್ನ ಕಳಿಸೋ ಷರತ್ತು ಬೇಡ ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು, ಬಳೆಯ ಕೈ, ಸುಕ್ಕುಗಟ್ಟಿದ ಕೈ, ಇನ್ನೂ ರಾಗಿ ಅಂಟಿದ್ದ ಕೈ. ಕಂಪನಿಯ ಮೂವರು ಕೈ ಎತ್ತಲಿಲ್ಲ. ಅಭಿರಾಮ್ ತಲೆ ತಗ್ಗಿಸಿ ಏನನ್ನೋ ಟೈಪ್ ಮಾಡುತ್ತಿದ್ದ. ಬಾಗಿಲ ಬಳಿ ಬಾಲರಾಜು ಎಲ್ಲರನ್ನೂ ನೋಡಿ, ಒಂದು ಕೈಯಿಂದ ಸೇರನ್ನು ಎದೆಗೊತ್ತಿಕೊಂಡು, ಇನ್ನೊಂದನ್ನು ಮೇಲೆತ್ತಿದ.

“ಅವರ ಕೈನೂ ಲೆಕ್ಕಕ್ಕೆ ಹಿಡೀತೀರಾ ಸಾರ್?” ಅಭಿರಾಮ್‌ನ ಸಹೋದ್ಯೋಗಿ ಕೇಳಿದ. “ಅಂದ್ರೆ, ಅವರಿಗೆ ಇದೆಲ್ಲ...”

ಬಾಲರಾಜು ಒಬ್ಬನ ಕೈ ಇಲ್ಲದಿದ್ದರೂ ಷರತ್ತು ಬಿದ್ದುಹೋಗುತ್ತದೆಂದು ಶಾಂತಲಾಗೆ ಗೊತ್ತಿತ್ತು. ಆದರೂ ಆ ಕೈ ಇಳಿದರೆ ತಾನು ಈ ಮೂರು ವಾರ ಅಲೆದದ್ದೆಲ್ಲ ವ್ಯರ್ಥವಾದಂತೆಯೇ ಅವಳಿಗೆ ಅನ್ನಿಸುತ್ತಿತ್ತು.

ಅನಂತರಾಜು ಮೇಜು ಬಿಟ್ಟು ಮುಂದೆ ಬಂದು, ಎಣಿಸಲು ಬೆರಳು ಎತ್ತಿದರು. ಮುಂದಿನ ಸಾಲಿನಿಂದ ಶುರುಮಾಡಲಿಲ್ಲ. ಎಲ್ಲರ ತಲೆಯ ಮೇಲೆ ಬಾಗಿಲ ಕಡೆ, ತಮ್ಮನ ಕಡೆ ತೋರಿಸಿದರು.

“ಲಾಭ,” ಎಂದರು.

ಆಮೇಲೆ ಬೆರಳನ್ನು ದ್ರೌಪದಮ್ಮನ ಕಡೆಗೆ ತಿರುಗಿಸಿದರು. “ಎರಡು.”